ತುಂಬಿದ ಹಂಡೆಯ ಸದ್ದು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ರಸಾಯನಶಾಸ್ತ್ರ ಓದಿದವನು ನಾನು. ಕಣ್ಣಿಗೆ ಕಾಣದ್ದು, ತಕ್ಕಡಿಗೆ ಸಿಗದ್ದು ಇಲ್ಲವೇ ಇಲ್ಲ ಎಂದು ಸ್ನೇಹಿತರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಮುಳಬಾಗಿಲಿನಲ್ಲಿ ಒಂದು ಸಂಜೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ. ಓದಿದವರು ನಕ್ಕರೆ ನಗಲಿ. ನನ್ನ ಸಿಟ್ಟು ದೆವ್ವದ ಮೇಲೂ ಅಲ್ಲ, ನಗುವವರ ಮೇಲೂ ಅಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು, ಸೋಪಿಗೆ ಎಣ್ಣೆ ಎಷ್ಟಿದ್ದರೂ ಸಾಲದು. ಊರಿನ ಸಾಹುಕಾರರೊಬ್ಬರು ದೇವರಾಯಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಶೆಡ್ಡು ಹಾಕಿ, ಗಾಣದವರು ಹಿಂಡಿ ಬಿಟ್ಟ ಹೊಂಗೆ ಹಿಂಡಿಯಿಂದ ಉಳಿದ ಎಣ್ಣೆಯನ್ನೂ ತೆಗೆಯಬೇಕೆಂದು ನನ್ನನ್ನು ಕರೆಸಿಕೊಂಡರು. ಹಿಂಡಿಯನ್ನು ಆಳು ಇಳಿಯುವಷ್ಟು ದೊಡ್ಡ ತಾಮ್ರದ ಹಂಡೆಯಲ್ಲಿ ದ್ರಾವಕ ಹಾಕಿ ನೆನೆಸಿದರೆ ಎಣ್ಣೆ ಅದರೊಳಕ್ಕೆ ಇಳಿಯುತ್ತದೆ. ಆಮೇಲೆ ದ್ರಾವಕವನ್ನು ಆವಿ ಮಾಡಿ ಬೇರೆ ಹಿಡಿದರೆ ಎಣ್ಣೆ ಉಳಿಯುತ್ತದೆ.

ಯಾವ ದ್ರಾವಕ ಎನ್ನುವುದರಲ್ಲೇ ಇತ್ತು ಕಷ್ಟ. ಬೆಂಜೀನು ಎಣ್ಣೆಯನ್ನು ಚೆನ್ನಾಗಿ ಎಳೆಯುತ್ತದೆ, ಜೊತೆಗೆ ಕೆಲಸದವರ ರಕ್ತವನ್ನೂ ಕೆಡಿಸುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡಿಗೆ ಬೆಂಕಿ ಹತ್ತುವುದಿಲ್ಲ. ಆದರೆ ದಿನವೂ ಉಸಿರಾಡಿದವನ ಲಿವರು ಹೋಗುತ್ತದೆ, ಮೇಲಾಗಿ ಆಗ ಅದು ಸಿಗುತ್ತಲೂ ಇರಲಿಲ್ಲ. ಕೊನೆಗೆ ಪರ್ಮಿಟ್ಟಿನ ಮೇಲೆ ಬಂದ ಹಗುರ ಪೆಟ್ರೋಲಿಗೇ ಒಪ್ಪಿದೆ, ಷರತ್ತು ಹಾಕಿ. ಅದರ ಆವಿ ಗಾಳಿಗಿಂತ ಭಾರ. ನೀರಿನ ಹಾಗೆ ನೆಲ ಹಿಡಿದು ಹರಿದು, ಎಲ್ಲೋ ಇರುವ ಕಿಡಿಯನ್ನು ಹೋಗಿ ಮುಟ್ಟುತ್ತದೆ. ಅದಕ್ಕೇ ಗೋಡೆಯ ಬುಡದಲ್ಲಿ ಗಾಳಿಗಂಡಿ ಇಡಿಸಿದೆ, ಬಾಯ್ಲರನ್ನು ದೂರ ಹಾಕಿಸಿದೆ, ಬೀಡಿ ಸೇದುವವರನ್ನು ಬೈದು ಓಡಿಸಿದೆ. ಕಬ್ಬಿಣದ ಸುತ್ತಿಗೆ ಕಿಡಿ ಹಾರಿಸುತ್ತದೆಂದು ಮರದ ಕೊಡತಿ ತರಿಸಿದೆ.

ಆ ಕೊಡತಿ ಕರೀಂ ಸಾಬರ ಕೈಗೆ ಹೋಯಿತು. ಹಂಡೆ ಮಾಡಿದವರೂ ಅವರೇ, ರಿಪೇರಿ ನೋಡಿಕೊಳ್ಳುವವರೂ ಅವರೇ. ಹಂಡೆಯ ಹತ್ತಿರ ಯಾವ ಕೆಲಸಕ್ಕೆ ಹೋದರೂ ಮೊದಲು ಅದನ್ನು ಬಡಿದು ನೋಡುವರು: ಬೇಗ ಬೇಗ ಎರಡು ಪೆಟ್ಟು, ಸ್ವಲ್ಪ ತಡೆದು ಒಂದು. ಖಾಲಿಯಾದರೆ ಠಣ್ಣೆನ್ನುವುದು, ತುಂಬಿದ್ದರೆ ದಬ್ಬೆನ್ನುವುದು. ಶೆಡ್ಡಿನ ಹೆಂಗಸರು ಅದನ್ನು ಅಣಕಿಸಿ ನಗುವರು, ಸಾಬರೂ ನಗುವರು.

ಬೇಸಗೆಯಲ್ಲಿ ಹಂಡೆಯ ಬುಡದ ಬೆಸುಗೆ ಜಿನುಗತೊಡಗಿತು. ಒಳಗಿನಿಂದ ಬೆಸೆಯಬೇಕು. ಖಾಲಿ ಮಾಡಿದ ಮೇಲೆ ಹಬೆ ಹಾಯಿಸಿ, ಬಾಯಿ ತೆರೆದಿಟ್ಟು, ನಾನು ನೋಡುವ ತನಕ ಯಾರೂ ಇಳಿಯಕೂಡದೆಂದು ಹೇಳಿ ಕೋಲಾರಕ್ಕೆ ಹೋದೆ. ಸಾಹುಕಾರರಿಗೆ ಒಂದು ದಿನ ಕೆಲಸ ನಿಲ್ಲುವುದನ್ನು ಸಹಿಸಲಾಗಲಿಲ್ಲ. ಖಾಲಿಯಾಗಿದೆಯಲ್ಲ, ಇನ್ನೇನು ಎಂದು ಸಾಬರನ್ನು ಇಳಿಸಿದರು. ತಳದಲ್ಲಿ ನಿಂತಿದ್ದ ಆವಿ ಸಾಬರನ್ನು ಮೇಲೆ ಬರಗೊಡಲಿಲ್ಲ. ನಾನು ವಾಪಸು ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ವಯಸ್ಸಾಗಿತ್ತು, ಎದೆ ನಿಂತುಹೋಯಿತು ಎಂದು ಊರಿಗೆಲ್ಲ ಸಾರಿದ್ದರು ಸಾಹುಕಾರರು. ಬಾಯಿಗೆ ಬಂದಂತೆ ಕೂಗಾಡಿದೆ. ಕೆಲಸ ಬಿಡಲು ಹೊರಟವನು, ಉಳಿದವರನ್ನು ನೋಡುವವರಿಲ್ಲವೆಂದು ನಿಂತೆ. ಬೆಸುಗೆಗೆ ಹೊರಗಿನಿಂದಲೇ ತೇಪೆ ಬಿತ್ತು.

ಆಯುಧಪೂಜೆ ಬಂತು. ದೀಪವಿಲ್ಲದೆ ಪೂಜೆಯಿಲ್ಲ ಎಂದು ಸಾಹುಕಾರರು ಹಟ ಹಿಡಿದರು. ಹಾಗಿದ್ದರೆ ಹಂಡೆ ಖಾಲಿಯಿರಬೇಕು, ಶೆಡ್ಡಿಗೆ ಎರಡು ದಿನ ಗಾಳಿಯಾಡಬೇಕು ಎಂದು ನಾನೂ ಹಟ ಹಿಡಿದೆ. ನನ್ನ ಕಣ್ಣೆದುರಿಗೇ ಖಾಲಿ ಮಾಡಿಸಿದೆ.

ಪೂಜೆಯ ಸಂಜೆ ಕೆಲಸದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಹಂಡೆಗೆ ಚೆಂಡು ಹೂವಿನ ಹಾರ. ಅದರ ಮುಂದೆ ಬಾಳೆಲೆಯ ಮೇಲೆ ಸ್ಪ್ಯಾನರು, ತಕ್ಕಡಿ, ಸಾಬರ ಕೊಡತಿ, ಎಲ್ಲಕ್ಕೂ ಕುಂಕುಮ. ಪೆಟ್ರೋಲಿನ ವಾಸನೆ ಆ ಗೋಡೆಗಳಿಗೇ ಹತ್ತಿಹೋಗಿತ್ತು. ಹೊಸದು ಯಾವುದು, ಹಳೆಯದು ಯಾವುದು ಎಂದು ನನ್ನ ಮೂಗಿಗೆ ತಿಳಿಯುತ್ತಿರಲಿಲ್ಲ. ಸಾಹುಕಾರರು ಕರ್ಪೂರದ ತಟ್ಟೆ ಹಿಡಿದು ಬೆಂಕಿಪೊಟ್ಟಣ ತೆಗೆದರು. ಎಲ್ಲರೂ ಕೈಮುಗಿದೆವು.

ಆಗ ಹಂಡೆ ಸದ್ದು ಮಾಡಿತು. ಬೇಗ ಬೇಗ ಎರಡು ಪೆಟ್ಟು, ಸ್ವಲ್ಪ ತಡೆದು ಒಂದು. ಮರ ತಾಮ್ರಕ್ಕೆ ಬಿದ್ದ ಸದ್ದು, ದಬ್ಬೆಂದು.

ಹಂಡೆಯ ಹತ್ತಿರ ಯಾರೂ ಇರಲಿಲ್ಲ. ಕೊಡತಿ ಬಾಳೆಲೆಯ ಮೇಲೇ ಇತ್ತು, ಅದರ ಮೇಲಿಟ್ಟ ಹೂವು ಕೂಡ ಅಲುಗಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಹಿಂಡಿ ಜರಡಿ ಹಿಡಿಯುವ ಮುನಿಯಮ್ಮ ಮೆಲ್ಲಗೆ, "ಸಾಬ್ರಲ್ವಾ ಸ್ವಾಮಿ?" ಅಂದಳು.

ನನಗೆ ಆಗ ಸಾಬರ ಕಡೆ ಮನಸ್ಸು ಹೋಗಲಿಲ್ಲ. ಖಾಲಿ ಹಂಡೆ ದಬ್ಬೆನ್ನುವುದಿಲ್ಲ ಎನ್ನುವುದಷ್ಟೇ ಹೊಳೆಯಿತು. ಹಾರಿ ಹೋಗಿ ಸಾಹುಕಾರರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡೆ. ಎಲ್ಲರನ್ನೂ ಹೊರಕ್ಕೆ ನೂಕಿಸಿ, ಹಂಡೆಯ ನಲ್ಲಿ ತಿರುಗಿಸಿದರೆ ಪೆಟ್ರೋಲು ನನ್ನ ಅಂಗೈ ಮೇಲೆ ಸುರಿಯಿತು. ಬುಡದ ತೇಪೆ ಜಿನುಗಿ, ಹಾರದ ಹಿಂದೆ ನೆಲವೆಲ್ಲ ಒದ್ದೆಯಾಗಿತ್ತು.

ಹೊರಗೆ ಬಂದು ಸಾಹುಕಾರರ ಅಂಗಿ ಹಿಡಿದೆ. ಆ ಮನುಷ್ಯನಿಗೆ ಸಿಟ್ಟು ಬಂದಿತ್ತೇ ಹೊರತು ಹೆದರಿಕೆಯಲ್ಲ.

"ಖಾಲಿ ಹಂಡೆಗೆ ಯಾರಾನ ಪೂಜೆ ಮಾಡ್ತಾರೇನಯ್ಯಾ? ಲಕ್ಷ್ಮಿ ನಿಲ್ತಾಳಾ? ಅದಕ್ಕೇ ಬೆಳಿಗ್ಗೆ ತುಂಬಿಸ್ದೆ. ನಿನ್ ಕೇಳ್ಕೊಂಡು ಮಾಡ್ಬೇಕಿತ್ತಾ?"

ನಮ್ಮ ಮನೆಗಳಲ್ಲಿ ಖಾಲಿ ಕೊಡಕ್ಕೆ ಅರಿಸಿನ ಕುಂಕುಮ ಇಡುವುದಿಲ್ಲ, ನಿಜ. ನಮ್ಮಮ್ಮ ಬಿಂದಿಗೆಗೆ ಒಂದು ಲೋಟ ನೀರಾದರೂ ಹಾಕುತ್ತಿದ್ದಳು. ಆ ನೀರಿನ ಜಾಗಕ್ಕೆ ಪೆಟ್ರೋಲು ಸುರಿದು, ಅಷ್ಟು ಮಕ್ಕಳ ಎದುರಿಗೆ ಕಡ್ಡಿ ಗೀರಲು ಹೊರಟವನಿಗೆ ಏನು ಹೇಳಲಿ? ಅವತ್ತೇ ಕೆಲಸ ಬಿಟ್ಟೆ. ನನ್ನ ಜೊತೆ ಮುನಿಯಮ್ಮನೂ ಉಳಿದವರೂ ಬಿಟ್ಟರು, ಶೆಡ್ಡಿಗೆ ಬೀಗ ಬಿತ್ತು. ಆಮೇಲೆ ಸಾಹುಕಾರರು ಕುರುಡುಮಲೆ ಗಣಪನೇ ಹಂಡೆ ಬಡಿದು ಕಾಪಾಡಿದನೆಂದು ಹೇಳಿಕೊಂಡು ತಿರುಗಿ, ಆ ಗುಡಿಗೆ ಬೆಳ್ಳಿಯ ತಟ್ಟೆ ಕೊಟ್ಟರಂತೆ. ಕರೀಂ ಸಾಬರ ಮನೆ ಬಾಗಿಲಿಗೆ ಒಂದು ದಿನವೂ ಹೋಗಲಿಲ್ಲ.

ಬಿಸಿಲಿಗೆ ಹಿಗ್ಗಿದ ತಾಮ್ರ ಸಂಜೆ ತಂಪಿಗೆ ಕುಗ್ಗುವಾಗ ಸದ್ದು ಮಾಡುತ್ತದೆ. ಅದನ್ನು ನೂರು ಸಲ ಕೇಳಿದ್ದೇನೆ; ಟಿಕ್ಕೆನ್ನುತ್ತದೆ, ಹಾಗೆ ಎಣಿಸಿ ಬಡಿಯುವುದಿಲ್ಲ. ಬೇರೆ ಕಾರಣ ಇಷ್ಟು ವರ್ಷವಾದರೂ ಹೊಳೆದಿಲ್ಲ. ಒಂದು ವೇಳೆ ಸಾಬರೇ ಬಡಿದಿದ್ದರೆ, ತಮ್ಮನ್ನು ಕೊಂದವನ ಕೈಯನ್ನೇ ತಡೆದಂತಾಯಿತು. ಮಕ್ಕಳಿಗಾಗಿ ತಡೆದಿರಬೇಕು. ಅಲ್ಲಿ ಮಕ್ಕಳಿಲ್ಲದೆ ಆ ಮನುಷ್ಯ ಒಬ್ಬನೇ ಇದ್ದಿದ್ದರೆ, ಸಾಬರ ವಿಷಯ ನನಗೆ ಗೊತ್ತಿಲ್ಲ, ನಾನಂತೂ ಬಡಿಯುತ್ತಿರಲಿಲ್ಲ.