ಮನೆ ಹೆಸರು: ಬಸ್‌ಸ್ಟ್ಯಾಂಡ್ ಹಿಂದೆ

ಕೊಡಗಿನಲ್ಲಿ ಹೊಸಬರನ್ನು ಕಂಡರೆ ಮೊದಲು ಹೆಸರು ಕೇಳುವುದಿಲ್ಲ. ‘ಯಾವ ಮನೆ?’ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ವಿಳಾಸವಲ್ಲ, ಮನೆತನದ ಹೆಸರು. ಅದೊಂದು ಗೊತ್ತಾದರೆ ಸಾಕು, ನಿಮ್ಮ ಅಜ್ಜ ಯಾರು, ತೋಟ ಎಲ್ಲಿ, ಚಿಕ್ಕಮ್ಮನನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದನ್ನೆಲ್ಲ ಅವರೇ ನಿಮಗೆ ಹೇಳುತ್ತಾರೆ. ಇದೆಲ್ಲ ತಿಳಿಯದ ವಯಸ್ಸಿನಲ್ಲಿ, ನಾನು ಶಾಲೆಗೆ ಸೇರಿದ ಹೊಸತರಲ್ಲಿ, ಟೀಚರ್ ‘ನಿಂದು ಯಾವ ಮನೆ?’ ಎಂದು ಕೇಳಿದರು. ನಾನು ಎದ್ದು ನಿಂತು ಗಟ್ಟಿಯಾಗಿ ‘ಬಸ್‌ಸ್ಟ್ಯಾಂಡ್ ಹಿಂದೆ’ ಎಂದೆ. ಇಡೀ ತರಗತಿ ನಕ್ಕಿತು. ಹೈಸ್ಕೂಲು ಮುಗಿಯುವವರೆಗೂ ಅದೇ ನನ್ನ ಅಡ್ಡಹೆಸರಾಯಿತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದೆನಲ್ಲ! ವಿರಾಜಪೇಟೆಯ ಬಸ್‌ಸ್ಟ್ಯಾಂಡಿನ ಗೋಡೆಯಾಚೆ ನಮ್ಮ ಓಣಿ. ನಮಗೆ ಗಡಿಯಾರ ಬೇಕಿರಲಿಲ್ಲ. ಕಂಡಕ್ಟರ್ ‘ಇರಿಟ್ಟಿ, ಕಣ್ಣೂರ್, ಕಣ್ಣೂರ್’ ಎಂದು ಕೂಗಿದರೆ ಏಳುವ ಹೊತ್ತು, ‘ಗೋಣಿಕೊಪ್ಪ’ ಎಂದರೆ ಜಡೆ ಹಾಕಿಸಿಕೊಳ್ಳುವ ಹೊತ್ತು. ಓದಲು ಕೂತರೆ ಹಾರ್ನು, ಮಲಗಿದರೆ ಹಾರ್ನು. ಈಗಲೂ ತೀರಾ ನಿಶ್ಶಬ್ದವಾದ ಕೋಣೆಯಲ್ಲಿ ನನಗೆ ಕೈ ಓಡುವುದಿಲ್ಲ.

ಅಪ್ಪ ಹಾಸನದ ಕಡೆಯವರು, ಬಸ್ ಮೆಕ್ಯಾನಿಕ್. ಅಮ್ಮ ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನ ಲೈನಿನಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಬೆಳೆದವಳು. ಇಬ್ಬರೂ ಮೆಚ್ಚಿ ಮದುವೆಯಾದದ್ದಕ್ಕೆ ಎರಡೂ ಕಡೆಯವರು ಮಾತು ಬಿಟ್ಟಿದ್ದರು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಅಳತೆ ಕೊಡಲು ಬಂದವರು ಮಾತಿನ ನಡುವೆ ‘ನಿಮ್ಮದು ಯಾವ ಮನೆ?’ ಎಂದರೆ ಅವಳು ‘ಇಲ್ಲೇ, ಟೌನು’ ಎಂದು ಹೇಳಿ ತಲೆ ತಗ್ಗಿಸಿ ಮಿಷನ್ ತುಳಿಯುತ್ತಿದ್ದಳು. ಬಾಯಿ ಜೋರಿದ್ದ ಹೆಂಗಸು ಆ ಒಂದು ಪ್ರಶ್ನೆಗೆ ಮಾತ್ರ ಮುದುಡಿಹೋಗುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದೆ.

“ಲೈನಲ್ಲಿ ನಮ್ ಮನೆಗೆ ನಂಬರ್ ಇತ್ತು ಕಣೇ, ಹೆಸರಿರ್ಲಿಲ್ಲ,” ಎಂದಳು. “ಇಲ್ಲಿಗೆ ಬಂದ್ಮೇಲೆ ನಂಬರೂ ಹೋಯ್ತು.”

ಆದರೆ ಆ ಓಣಿ ನನಗೆ ಕೊಟ್ಟದ್ದನ್ನು ಯಾವ ತೋಟದ ಮನೆಯೂ ಕೊಡುತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅಮ್ಮನ ಜೊತೆ ತಮಿಳು, ಅಪ್ಪನ ಜೊತೆ ಕನ್ನಡ, ಎದುರುಮನೆಯ ಮುಸ್ಲಿಂ ಅಮ್ಮ, ನಮ್ಮೆಲ್ಲರ ‘ಉಮ್ಮ’ನ ಜೊತೆ ಮಲಯಾಳ, ಪಕ್ಕದ ಮನೆಯ ಆಂಟಿಯ ಜೊತೆ ಕೊಡವ ತಕ್ಕ್, ಜಗಳಕ್ಕೆ ಇವೆಲ್ಲ ಸೇರಿ. ಉಮ್ಮನಿಗೆ ಹೆಣ್ಣುಮಕ್ಕಳು ಹೆಚ್ಚು, ಹಾಗಾಗಿ ಮದುವೆಗಳೂ ಹೆಚ್ಚು. ‘ಮೋಳೇ, ಇಂಗೋಟ್ಟ್ ವಾ’ ಎಂದು ಕರೆದು, ಮದುಮಗಳ ತಲೆಗೆ ಹೊದಿಸುವ ತಟ್ಟಕ್ಕೆ ಪಿನ್ನು ಕಾಣದ ಹಾಗೆ ಚುಚ್ಚುವುದನ್ನು ಕಲಿಸಿದ್ದು ಅವರು.

ಪಕ್ಕದ ಮನೆಯ ಆಂಟಿ ರಿಟೈರಾದ ನರ್ಸು. ದೊಡ್ಡ ಮನೆತನದ ಕೊಡವ ಹೆಂಗಸಾದರೂ, ಬಸ್ಸು, ಬ್ಯಾಂಕು, ಮಾರ್ಕೆಟ್ಟು ಹತ್ತಿರ ಇರಬೇಕೆಂದು ಹಟ ಹಿಡಿದು ನಮ್ಮ ಓಣಿಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಬಸ್ಸಿನಿಂದ ಇಳಿಯುವಾಗ ಬಿದ್ದು ಅವರ ಭುಜ ಜಖಂ ಆಯಿತು, ಕೈ ಹಿಂದಕ್ಕೆ ಹೋಗದಾಯಿತು. ಕೊಡವ ಸೀರೆಯ ನೆರಿಗೆ ಇರುವುದೇ ಬೆನ್ನ ಹಿಂದೆ. ಸೆರಗು ಎಡಗೈಯ ಕೆಳಗಿಂದ ಬಂದು ಬಲಭುಜದ ಮೇಲೆ ನಿಲ್ಲಬೇಕು. ‘ನಮ್ಮ ಸೀರೆ ಬಿಟ್ಟು ಬೇರೆ ಥರ ಉಟ್ಟುಕೊಂಡು ಹೊರಗೆ ಹೋಗುವುದಿಲ್ಲ’ ಎಂದು ಆಂಟಿ ಕೂತುಬಿಟ್ಟರು. ಗೋಡೆಯಾಚೆಯಿಂದ ನನಗೆ ಕರೆ ಬಂತು. ನಾನು ಹಾಕಿದ ಮೊದಲ ನೆರಿಗೆಯನ್ನು ಅವರು ಎರಡು ಕನ್ನಡಿ ಹಿಡಿದು ನೋಡಿದರು.

“ಎಂತ ಇದು ಮಾರಾಯ್ತಿ? ದೋಸೆ ಮಡಚಿದ ಹಾಗೆ ಉಂಟಲ್ಲ! ಬಿಚ್ಚು. ಇನ್ನೊಂದ್ಸಲ ಹಾಕು.”

ಹೀಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಕಾಲೇಜು ಮುಗಿಯುವಷ್ಟರಲ್ಲಿ ನಾನು ಕಣ್ಣು ಮುಚ್ಚಿಕೊಂಡೂ ನೆರಿಗೆ ಹಾಕಬಲ್ಲವಳಾಗಿದ್ದೆ. ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಸಿಕ್ಕಿತು. ನಾಲ್ಕು ಥರದ ಮದುವಣಗಿತ್ತಿಯರನ್ನು ಸಿಂಗರಿಸಬಲ್ಲ, ನಾಲ್ಕು ಭಾಷೆಯಲ್ಲಿ ಅವರ ಅಳು ನಿಲ್ಲಿಸಬಲ್ಲ ಹುಡುಗಿ ಬೇರೆಲ್ಲಿ ಸಿಗಬೇಕು! ಪಾರ್ಲರ್ ನಡೆಸುವ ಅಕ್ಕ ಒಂದು ದಿನ, ‘ಕೊಡವರ ದೊಡ್ಡ ಮನೆ ಮದುವೆ, ಈ ಸಲ ನೀನೇ ಹೋಗಬೇಕು. ಇದು ಚೆನ್ನಾಗಿ ಆದರೆ ಮದುವೆ ಕೆಲಸವೆಲ್ಲ ಇನ್ನು ನಿನಗೇ’ ಎಂದರು. ನನಗೆ ಬೇಕಾಗಿದ್ದೂ ಅದೇ.

ಮದುವೆಯ ಹಿಂದಿನ ಸಂಜೆ ಪಕ್ಕದ ಮನೆಯ ಆಂಟಿ ನಮ್ಮ ಮನೆಗೇ ಬಂದು ನನ್ನನ್ನು ಕರೆದು ಕೂರಿಸಿಕೊಂಡರು.

“ಅಲ್ಲಿ ಹಿರಿಯರು ಯಾವ ಮನೆ ಅಂತ ಕೇಳಿಯೇ ಕೇಳ್ತಾರೆ, ಮಗಾ. ನನ್ನ ಮನೆ ಹೆಸರು ಹೇಳು. ಸಾಕಿದ ಮಗಳು ಅನ್ನು. ನಂಗೇನೂ ಬೇಜಾರಿಲ್ಲ.”

ಅವರ ಪ್ರೀತಿಗೆ ಇಲ್ಲ ಎನ್ನಲಾಗದೆ ತಲೆಯಾಡಿಸಿದೆ. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅಮ್ಮ ತಲೆ ತಗ್ಗಿಸಿ ಹಲ್ಲಿನಿಂದ ನೂಲು ಕಡಿದಳು.

ಮರುದಿನ ಮಂಟಪದ ಕೋಣೆಯಲ್ಲಿ ಕೆಂಪು ಸೀರೆ ಬಿಡಿಸಿ ಹಿಡಿದಿದ್ದೇನೆ, ಮದುಮಗಳು ನನಗೆ ಬೆನ್ನು ಹಾಕಿ ನಿಂತಿದ್ದಾಳೆ. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅವಳ ಅಜ್ಜಿ ಕೋಲಿನಿಂದ ನೆಲ ತಟ್ಟಿದರು.

“ನಿಲ್ಲು. ನೀನು ಯಾವ ಮನೆ?”

ಆಂಟಿಯ ಮನೆತನದ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಆದರೆ ತಲೆ ತಗ್ಗಿಸಿ ನೂಲು ಕಡಿದ ಅಮ್ಮನ ಮುಖ ನೆನಪಾಯಿತು. ನನ್ನ ಬಾಯಿಂದ ಬಂದದ್ದು ಹಳೆಯ ಉತ್ತರವೇ.

“ಬಸ್‌ಸ್ಟ್ಯಾಂಡ್ ಹಿಂದೆ, ಅಜ್ಜಿ.”

ಮದುಮಗಳ ಭುಜ ನಗುವಿನಿಂದ ಕುಲುಕಿತು. ಅಜ್ಜಿ ನಗಲಿಲ್ಲ.

“ಅದು ಯಾರ ಮನೆ?”

ನಾನು ಹೇಳುತ್ತಾ ಹೋದೆ. ಬಸ್ ರಿಪೇರಿ ಮಾಡುವ ಅಪ್ಪ, ಲೈನಿನಿಂದ ಬಂದ ಅಮ್ಮ, ತಟ್ಟ ಕಲಿಸಿದ ಉಮ್ಮ, ನೆರಿಗೆ ಕಲಿಸಿದ ಆಂಟಿ. ನಾಚಿಕೆಯೇನೂ ಆಗಲಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅವರ ಮೇಲೆ ಎಂಥದೋ ಹೆಮ್ಮೆ ಉಕ್ಕಿತು. ಆದರೂ ಅಜ್ಜಿ ಸೀರೆ ಅಲ್ಲೇ ಇಟ್ಟು ಹೋಗು ಎಂದರೆ ಮುಗಿಯಿತು ಎಂಬುದೂ ಗೊತ್ತಿತ್ತು.

ಅಜ್ಜಿ ಎಲ್ಲ ಕೇಳಿ, ಕೋಲನ್ನು ಗೋಡೆಗೆ ಒರಗಿಸಿದರು.

“ಹಿಂದೆ ಇರೋರಿಗೆ ಹಿಂದೆ ನೆರಿಗೆ ಹಾಕೋಕೆ ಬರದೆ ಇರ್ತದಾ? ಹಾಕು, ಹಾಕು, ಹೊತ್ತಾಯ್ತು.”

ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಶಾಲೆಯಲ್ಲಿ ಕೇಳಿದ ನಗುವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆ ದಿನದ ನೆರಿಗೆಯನ್ನು ಆಂಟಿ ಎರಡು ಕನ್ನಡಿಯಲ್ಲಿ ನೋಡಿದ್ದರೂ ಬಿಚ್ಚು ಎನ್ನುತ್ತಿರಲಿಲ್ಲ. ಊಟದ ಹೊತ್ತಿಗೆ ಅಜ್ಜಿ ‘ಬಸ್‌ಸ್ಟ್ಯಾಂಡ್ ಹಿಂದೆಯವಳು ಉಂಡಳಾ?’ ಎಂದು ವಿಚಾರಿಸಿದ್ದು ನನಗೆ ಕೇಳಿಸಿತು. ಅಲ್ಲಿಂದ ಮುಂದೆ ಪೇಟೆಯ ಸುತ್ತಮುತ್ತಲಿನ ಮದುವೆಗಳಿಗೆ ನನಗೇ ಕರೆ ಬರತೊಡಗಿತು. ಎಷ್ಟೋ ಜನರ ಫೋನಿನಲ್ಲಿ ನನ್ನ ಹೆಸರಿಲ್ಲ, ‘ಬಸ್‌ಸ್ಟ್ಯಾಂಡ್ ಹಿಂದೆ’ ಎಂದೇ ಇದೆ.

ಕೆಲವು ಕಾಲದ ನಂತರ ಆ ಮದುಮಗಳ ತಮ್ಮನ ಮದುವೆ ಗೊತ್ತಾಯಿತು. ಕರೆಯೋಲೆ ನಮ್ಮ ಮನೆಗೂ ಬಂತು. ಲಕೋಟೆಯ ಮೇಲೆ ಮನೆತನದ ಹೆಸರು ಬರೆಯುವ ಜಾಗದಲ್ಲಿ ‘ಬಸ್‌ಸ್ಟ್ಯಾಂಡ್ ಹಿಂದೆ ಕುಟುಂಬದವರಿಗೆ’ ಎಂದಿತ್ತು. ಅಮ್ಮ ಅದನ್ನು ಓದಿ, ತಿರುಗಿಸಿ ನೋಡಿ, ಮತ್ತೆ ಓದಿದಳು. ಕುಟುಂಬ ಎಂದ ಮೇಲೆ ಒಬ್ಬಿಬ್ಬರು ಹೋಗುವುದು ಸರಿಯಲ್ಲ ಎಂದು ಉಮ್ಮ ತೀರ್ಪು ಕೊಟ್ಟರು. ಓಣಿಗೆ ಓಣಿಯೇ ಹೊರಟಿತು. ಅಮ್ಮನಿಗೆ ಸೀರೆ ಉಡಿಸಿದ್ದು ನಾನು, ಅವಳಿಷ್ಟದಂತೆ ನೆರಿಗೆ ಮುಂದೆ.

ಮಂಟಪದ ಬಾಗಿಲಲ್ಲಿ ಆ ಮನೆಯ ಹಿರಿಯರೊಬ್ಬರು ಬಂದವರನ್ನು ಎದುರುಗೊಳ್ಳುತ್ತಿದ್ದರು. ಬಣ್ಣಬಣ್ಣದ ನಮ್ಮ ಗುಂಪನ್ನು ನೋಡಿ ಅವರಿಗೆ ಗೊಂದಲವಾಯಿತು.

“ಬನ್ನಿ, ಬನ್ನಿ. ತಾವು... ಯಾವ ಮನೆಯವರು?”

ಆಂಟಿ ಬಾಯಿ ತೆರೆಯುವವರಿದ್ದರು. ನಾನೂ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ನಮ್ಮಿಬ್ಬರನ್ನೂ ದಾಟಿಕೊಂಡು ಮುಂದೆ ಹೋಗಿ ನಿಂತಳು.

“ಬಸ್‌ಸ್ಟ್ಯಾಂಡ್ ಹಿಂದೆ,” ಎಂದಳು, ತಲೆಯೆತ್ತಿ. “ಇವರೆಲ್ಲಾ ನಮ್ಮನೆಯವರೇ.”