ವನಜ ಕಲಿಸಿದ ನಮಸ್ಕಾರ

ತ್ರಾಸಿಯ ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ಹೆಂಗಸರಲ್ಲಿ ವನಜಳ ಬಾಯಿಗೆ ಎದುರಿಲ್ಲ. ಗಿರಾಕಿ ಕಾರಿನಿಂದ ಇಳಿದು ಮೂಗು ಮುರಿದರೆ ಸಾಕು, "ಹ್ವಾಯ್, ಮೂಗ್ ಎಂತಕ್ಕೆ ಮುರೂದು? ಬೆಳಿಗ್ಗೆ ತನ್ಕ ಸಮುದ್ರದಲ್ಲಿ ಈಜ್ತಾ ಇದ್ದ ಬಂಗುಡೆ ಇದ್!" ಎಂದು ಶುರುವಾದಳೆಂದರೆ ಮುಗಿಯಿತು. ಅವನು ಮೀನು ಕೊಳ್ಳದೆ ಕಾರು ಹತ್ತುವಂತಿಲ್ಲ. ತನ್ನ ಬುಟ್ಟಿಯ ಮೀನು ಹಳತು ಎಂದು ಅವಳು ಹುಟ್ಟಿದ ಮೇಲೆ ಯಾರ ಎದುರೂ ಒಪ್ಪಿದವಳಲ್ಲ. ಒಪ್ಪಿದರೆ ಮನೆಯ ಒಲೆ ಉರಿಯುವುದು ಹೇಗೆ! ಅದಕ್ಕಾಗಿ ಅವಳನ್ನು ಯಾರೂ ಬಯ್ಯುವಂತಿಲ್ಲ. ಆದರೆ ಆ ನಾಲಗೆಯೇ ಕಡೆಗೆ ಅವಳ ಮಗಳನ್ನು ತಿಂದಿತು.

ಒಬ್ಬಳೇ ಮಗಳು, ಮೋಕ್ಷಿತಾ. ಮೂರನೇ ಕ್ಲಾಸು. ಗಂಡ ಚಂದ್ರ ಬೋಟಿಗೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ, ಬಂದರೆ ಮಲಗಿಯೇ ಇರುತ್ತಾನೆ. ಮನೆಯಲ್ಲಿ ಉಳಿಯುವವರು ವನಜ, ಮಗಳು, ಅತ್ತೆ ಅಮ್ಮಣಿ. ಮೋಕ್ಷಿತಾ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಮನೆ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಬಿಳಿ ಅನ್ನ, ಬಿಳಿ ಇಡ್ಲಿ ಬಿಟ್ಟರೆ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ.

ಅವಳು ಆಡುತ್ತಿದ್ದ ಮಾತೆಂದರೆ ಒಂದೇ. ಅದೂ ಕಂಡಕ್ಟರನ ದನಿಯಲ್ಲಿ. ಬೆಳಿಗ್ಗೆ ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುವಾಗ ವನಜ "ಬೈಂದೂರ್..." ಎಂದು ಎಳೆಯುತ್ತಿದ್ದಳು. ಕೂಡಲೇ ಮಗು ಶುರುಮಾಡುತ್ತಿತ್ತು: "ಉಪ್ಪುಂದ, ನಾವುಂದ, ಮರವಂತೆ, ತ್ರಾಸಿ, ಹೆಮ್ಮಾಡಿ, ತಲ್ಲೂರ್, ಕುಂದಾಪ್ರಾ... ಹೋಯ್ ರೈಟ್!" ಹೇಳಿ ಮುಗಿದ ಮೇಲೆ ಕೈಕೈ ಬಡಿದು ನಗುತ್ತಿತ್ತು. ತಾಯಿ ಮಗಳ ನಡುವೆ ಇದ್ದ ಮಾತುಕತೆ ಅಷ್ಟೇ. ವನಜಳಿಗೆ ಅದು ಸಾಕಾಗಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಆ ಹೊತ್ತಿಗೆ ಅವಳಿಗೆ ಸುಖವಾಗುತ್ತಿತ್ತು.

ಶಾಲೆಗೆ ಸಾಕಾಗಲಿಲ್ಲ. ಆ ಶಾಲೆಯ ಹೆಸರು ಹೇಳಿ ಏನಾಗಬೇಕಿದೆ? ದುಡ್ಡು ಕಟ್ಟಿ ಇಂಗ್ಲಿಷ್ ಕಲಿಸುವ ಶಾಲೆಗಳು ಎಷ್ಟಿಲ್ಲ! ಹುಡುಗಿ ಪಾಠದ ನಡುವೆ ಬಸ್ ಬಿಡುತ್ತಾಳೆ, ಉಳಿದ ಮಕ್ಕಳು ಕೆಡುತ್ತಾರೆ ಎಂದು ಹೆಡ್ ಮಾಸ್ತರರು ಗುರುಗುಟ್ಟತೊಡಗಿದರು. ಅಲ್ಲಿ ಮಗುವಿನ ಪರ ಇದ್ದವಳು ಹಾಲಾಡಿ ಕಡೆಯ ಟೀಚರ್ ಶರಣ್ಯಾ ಒಬ್ಬಳೇ. ಅವಳು ವನಜಳನ್ನು ಕರೆಸಿ ಬಿಡಿಸಿ ಹೇಳಿದಳು.

"ವನಜಕ್ಕ, ಇದ್ ಹಠ ಅಲ್ಲ. ಆಟಿಸಂ ಅಂತ ಒಂದಿತ್ತ್, ಅದಾಯ್ಕು ಅಂತ ನಂಗ್ ಕಾಣತ್ತ್. ದೊಡ್ಡ ಆಸ್ಪತ್ರೆಗೆ ಹೋಗಿ ತೋರ್ಸಿ. ಅವ್ರ್ ಹೌದಂತ ಬರ್ದ್ ಕೊಟ್ರೆ ಇವ್ಳಿಗೆ ಬೇರೆ ಟೀಚರ್ ಬಂದ್ ಕಲಿಸ್ತ್ರ್. ಯಾರೂ ಕೈ ಮಾಡೂಕಿಲ್ಲ, ಶಾಲೆಯಿಂದ ತೆಗೂಕಿಲ್ಲ. ಇಲ್ದಿರೆ ಬಪ್ಪ ವರ್ಷ ಹೆಡ್ ಮಾಸ್ಟ್ರ್ ಟೀಸಿ ಕೊಟ್ಟೇ ಕೊಡ್ತ್ರ್."

"ತೋರ್ಸ್ತೆ ಟೀಚರೇ."

"ಅಲ್ಲಿ ಇದ್ದದ್ನ ಇದ್ದಾಂಗೆ ಹೇಳಿ. ಒಂಚೂರೂ ಮುಚ್ಚಿಡ್ಬೇಡಿ. ನಾನೂ ಒಂದ್ ಚೀಟಿ ಬರ್ದ್ ಕೊಡ್ತೆ."

ವನಜ ತಲೆಯಾಡಿಸಿದಳು. ಮನಸ್ಸಿಟ್ಟೇ ಆಡಿಸಿದಳು. ಆದರೆ ಆಸ್ಪತ್ರೆಯವರು ಕೊಟ್ಟ ದಿನ ಇನ್ನೂ ದೂರವಿತ್ತು. ಅಷ್ಟರಲ್ಲಿ ಅಮ್ಮಣಿಯ ಬಾಯಿ ಸುಮ್ಮನಿರಬೇಕಲ್ಲ.

"ಡಾಕ್ಟ್ರ ಎದ್ರ್ ಕೂಕಂಡ್ ಬಸ್ಸಿನಂಗೆ ಕೂಗಿರೆ ನಮ್ ಮರ್ಯಾದಿ ಎಂತ ಆತ್ತ್? ಮೀನ್ ಮಾರುವರ್ ಮಕ್ಕಳಿಗೆ ಒಂದ್ ನಮಸ್ಕಾರ ಮಾಡೂಕೂ ಕಲಿಸ್ಲಿಲ್ಲ ಅಂಬ್ರ್, ಕಾಣ್."

ಈ ಮಾತು ವನಜಳಿಗೆ ನಾಟಿತು. ಅವಳ ಲೆಕ್ಕಾಚಾರವನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಣ್ಣನ ಕಾಲು ಮುರಿದಾಗ ಆಸ್ಪತ್ರೆಯ ಮಿಷನ್ನು ಪ್ಯಾಂಟಿನೊಳಗಿನ ಮೂಳೆಯನ್ನು ತೋರಿಸಿತ್ತು. ಹಾಗೆಯೇ ತಲೆಯೊಳಗೆ ಏನಿದೆಯೆಂದು ಮಿಷನ್ನೇ ಹೇಳುತ್ತದೆ, ಹೊರಗಿನದನ್ನು ಚೆಂದ ಮಾಡಿದರೆ ನಷ್ಟವೇನು ಎಂದುಕೊಂಡಳು. ಮೀನಿಗೆ ನೀರು ಚಿಮುಕಿಸಿ ಹೊಳಪು ತಂದರೂ ತಿಳಿದ ಗಿರಾಕಿ ಕಿವಿರು ತೆರೆದು ನೋಡಿಯೇ ನೋಡುತ್ತಾನಲ್ಲ. ಕಾಗದವೂ ಸಿಗುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಪಾಪ, ಅಷ್ಟೇ ಅವಳು ಎಣಿಸಿದ್ದು.

ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದುಕೊಂಡಳು. ವ್ಯಾಪಾರ ಮುಗಿಸಿ ಬಂದವಳು ದಿನಾ ಸಂಜೆ ಮಗಳನ್ನು ಗೋಡೆಗೆ ನಿಲ್ಲಿಸಿದಳು. ಗದ್ದ ಹಿಡಿದು ಮುಖ ಎತ್ತಿದಳು. "ಹೇಳ್. ನಮಸ್ಕಾರ. ನನ್ನ ಹೆಸರು ಮೋಕ್ಷಿತಾ. ನಾನು ಮೂರನೇ ಕ್ಲಾಸು. ನನಗೆ ಅಮ್ಮ ಅಂದರೆ ಇಷ್ಟ." ಕಣ್ಣು ಜಾರಿದರೆ ಮೀನಖಂಡದ ಮೇಲೆ ಒಂದು ಬೀಳುತ್ತಿತ್ತು. ಬಾಯಿಂದ ಬೈಂದೂರು ಹೊರಟರೆ ಇನ್ನೂ ಜೋರಾಗಿ ಬೀಳುತ್ತಿತ್ತು. ಮಗುವಿಗೆ ಪೆಟ್ಟು ಯಾಕೆಂದು ತಿಳಿಯದು. ಹೆದರಿದಾಗ ಅದಕ್ಕೆ ಗೊತ್ತಿದ್ದ ಧೈರ್ಯವೆಂದರೆ ಆ ಊರುಗಳ ಹೆಸರೇ. ಹಾಗಾಗಿ ಪೆಟ್ಟು ಬಿದ್ದಷ್ಟೂ ಉಪ್ಪುಂದ, ನಾವುಂದ ಎಂದು ಅಳುತ್ತಲೇ ಹೇಳುತ್ತಿತ್ತು, ಹೇಳಿದಷ್ಟೂ ಪೆಟ್ಟು ಬೀಳುತ್ತಿತ್ತು. ಅಮ್ಮಣಿ ಬಾಗಿಲಲ್ಲಿ ಕಾಲು ಚಾಚಿ ಎಲೆಯಡಿಕೆ ಜಗಿಯುತ್ತ, "ಇನ್ನೂ ಸಮ ಆಯ್ಲಿಲ್ಲ" ಎನ್ನುತ್ತಿದ್ದಳು. ವನಜಳ ಕರುಳು ಚುರುಕ್ ಎನ್ನಲಿಲ್ಲವೇ? ಎಂದಿತು. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಮತ್ತೆ ಕಡ್ಡಿ ಹಿಡಿದಳು.

ಒಂದು ದಿನ ಬಸ್ಸು ನಿಂತೇಹೋಯಿತು. ಮಗು ಕೈ ಮುಗಿದು ತಾಯಿಯ ಹುಬ್ಬುಗಳ ನಡುವೆ ಕಣ್ಣು ನೆಟ್ಟು ನಾಲ್ಕೂ ಮಾತನ್ನು ತಪ್ಪಿಲ್ಲದೆ ಒಪ್ಪಿಸಿತು. "ಹಾಂ, ಈಗ್ ಸಮ ಆಯ್ತ್" ಎಂದಳು ಅಮ್ಮಣಿ.

ಆಸ್ಪತ್ರೆಗೆ ಹೊರಟ ದಿನ ಕಾಲಿನ ಬಾಸುಂಡೆ ಕಾಣದಿರಲೆಂದು ಉದ್ದ ಲಂಗ ಉಡಿಸಿದ್ದಾಯಿತು. ಬಸ್ಸಿನಲ್ಲಿ ಕಂಡಕ್ಟರ್ "ಹೆಮ್ಮಾಡಿ, ತಲ್ಲೂರ್" ಎಂದು ಕೂಗಿದಾಗ ಮೋಕ್ಷಿತಾಳ ತುಟಿ ಅಲುಗಿತು. ಕಣ್ಣು ತಾಯಿಯ ಕೈಯ ಕಡೆ ಹೋಯಿತು. ತುಟಿ ಮುಚ್ಚಿತು.

ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ಕೋಣೆಯಲ್ಲಿ ಗೊಂಬೆಗಳಿದ್ದವು, ಬಣ್ಣದ ಮರದ ತುಂಡುಗಳಿದ್ದವು. ವನಜ ಸುತ್ತ ನೋಡಿ, "ಮಿಷನ್ ಎಲ್ಲಿತ್ತ್ ಡಾಕ್ಟ್ರೇ?" ಎಂದು ಕೇಳಿದಳು.

"ಇದಕ್ಕೆ ಮಷೀನ್ ಇಲ್ಲಮ್ಮ. ನಾನು ಮಗುವನ್ನು ನೋಡ್ತೇನೆ, ನಿಮ್ಮನ್ನು ಕೇಳ್ತೇನೆ. ನೀವು ಹೇಳುವುದೇ ಮುಖ್ಯ."

ವನಜ ಮಗಳನ್ನು ತಡೆಯಲು ಕೈ ಚಾಚಿದಳು. ಅಷ್ಟರಲ್ಲಿ ಮೋಕ್ಷಿತಾ ಕೈ ಮುಗಿದಾಗಿತ್ತು. "ನಮಸ್ಕಾರ. ನನ್ನ ಹೆಸರು ಮೋಕ್ಷಿತಾ..." ಡಾಕ್ಟರರ ಮುಖ ಅರಳಿತು.

"ಹೆಸರು ಕರೆದರೆ ತಿರುಗುತ್ತಾಳಾ?"

ಇಲ್ಲ ಎನ್ನಲೆಂದೇ ವನಜ ಬಾಯಿ ತೆರೆದಳು. ಆದರೆ ಎದುರಿಗೆ ಪರರು, ಅಳೆಯುವ ಕಣ್ಣು, ಕೇಳುವ ಬಾಯಿ. ನಡುವೆ ತನ್ನ ಮಗು. ನಾಲಗೆ ಬುಟ್ಟಿಯ ಹಿಂದೆ ಕೂತ ಹಾಗೆ ತಾನಾಗಿ ಹೊರಳಿತು. "ತಿರ್ಗತ್ತ್ ಡಾಕ್ಟ್ರೇ!"

"ಬೇರೆ ಮಕ್ಕಳ ಜೊತೆ ಆಡುತ್ತಾಳಾ?"

"ಆಡೂದೇ ಆಡೂದ್! ಮನೆ ಒಳ್ಗ್ ನಿಂತ್ರಲ್ದಾ!"

"ಹೇಳಿದ್ದನ್ನೇ ಹೇಳುವುದು, ಸದ್ದಿಗೆ ಹೆದರುವುದು?"

"ಅದೆಲ್ಲ ಎಂತದೂ ಇಲ್ಲೆ."

ಡಾಕ್ಟರ್ ಶರಣ್ಯಾಳ ಚೀಟಿಯನ್ನು ಮತ್ತೊಮ್ಮೆ ಓದಿ ಹುಬ್ಬು ಗಂಟಿಕ್ಕಿದರು. "ಟೀಚರ್ ಬೇರೆಯೇ ಬರೆದಿದ್ದಾರಲ್ಲ?"

ಇನ್ನೂ ಹೊತ್ತು ಮೀರಿರಲಿಲ್ಲ. ಲಂಗ ಎತ್ತಿ ಕಾಲು ತೋರಿಸಿದ್ದರೂ ಸಾಕಿತ್ತು. ಸುಳ್ಳಿ ಎನಿಸಿಕೊಳ್ಳುವ ಭಯಕ್ಕೆ ವನಜ ಅದಕ್ಕಿಂತ ದೊಡ್ಡ ಸುಳ್ಳು ಹೇಳಿದಳು. "ಆ ಟೀಚರಿಗೆ ನಮ್ಮ್ ಹೆಣ್ಣ್ ಕಂಡ್ರೆ ಆತಿಲ್ಲೆ ಡಾಕ್ಟ್ರೇ. ಸುರುವಿಂದ್ಲೂ ಅಷ್ಟೇ."

ಸದ್ಯಕ್ಕೆ ಅಂಥದ್ದೇನೂ ಕಾಣುವುದಿಲ್ಲ, ಒಂದು ವರ್ಷ ಬಿಟ್ಟು ತೋರಿಸಿ ಎಂದು ಬರೆದುಕೊಟ್ಟರು. ತಾಯಿ ಟೀಚರ್ ಬಗ್ಗೆ ಹೇಳಿದ್ದನ್ನೂ ಒಂದು ಸಾಲು ಬರೆದರು. ಬಾಗಿಲ ತನಕ ಹೋದ ವನಜ ತಿರುಗಿ ನಿಂತಳು. ಆಗಲೇ ಇನ್ನೊಬ್ಬರ ಮಗು ಒಳಗೆ ಬಂದು ಕೂತಿತ್ತು.

ಮೊಮ್ಮಗಳಿಗೆ ಏನೂ ಇಲ್ಲವಂತೆ ಎಂದು ಅಮ್ಮಣಿ ಕೇರಿಯಿಡೀ ಹೇಳಿಕೊಂಡು ಬಂದಳು. ಶಾಲೆಯಲ್ಲಿ ಶರಣ್ಯಾ ಆ ಕಾಗದ ಓದಿದಳು. ಕಡೆಯ ಸಾಲನ್ನು ಎರಡು ಸಲ ಓದಿದಳು.

"ನಂಗ್ ಆತಿಲ್ಲೆ ಅಂದ್ರಾ ವನಜಕ್ಕ?"

ತ್ರಾಸಿಯಲ್ಲಿ ಎದುರಿಲ್ಲದ ಬಾಯಿಯವಳು ಸೆರಗು ಎಳೆದುಕೊಂಡು ಗೇಟಿನ ಕಡೆ ನಡೆದಳು. ಆಮೇಲೆ ಶರಣ್ಯಾ ಮೋಕ್ಷಿತಾಳ ಬೆಂಚಿನ ಕಡೆ ಹೋಗುವುದನ್ನು ಬಿಟ್ಟಳು. ಹೆಡ್ ಮಾಸ್ತರರಂತೂ ಖುಷಿಯಾಗಿಯೇ ಹೇಳಿದರು: "ಕಾಯಿಲೆ ಇಲ್ಲ ಅಂದ ಮೇಲೆ ಕರೆದರೆ ತಿರುಗದಿರುವುದು, ಕೇಳಿದರೆ ಉತ್ತರ ಕೊಡದಿರುವುದು ಎಲ್ಲ ಕೊಬ್ಬು. ಕೊಬ್ಬು ಇಳಿಸುವುದು ನಮಗೆ ಗೊತ್ತಿದೆ."

ಇಳಿಸಿದರು. ಬೆತ್ತ ಮೇಲೆದ್ದ ಕೂಡಲೇ ಹುಡುಗಿ ಗದ್ದ ಎತ್ತಿ, ಕೈ ಮುಗಿದು, "ನಮಸ್ಕಾರ. ನನ್ನ ಹೆಸರು ಮೋಕ್ಷಿತಾ" ಎನ್ನುತ್ತಿದ್ದಳು. ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದು ನಗುತ್ತಿತ್ತು. ಮಕ್ಕಳಿಗೆ ಅದೇ ಆಟವಾಯಿತು. ಒಂದು ಮಧ್ಯಾಹ್ನ ಬುಟ್ಟಿ ಹೊತ್ತು ಶಾಲೆಯ ಬೇಲಿಯ ಬಳಿ ಬಂದ ವನಜ ಕಣ್ಣಾರೆ ಕಂಡಳು. ಸುತ್ತ ನಿಂತ ಮಕ್ಕಳು ಸರದಿಯಂತೆ ಸ್ಕೇಲು ಎತ್ತುತ್ತಿದ್ದವು. ಪ್ರತಿ ಸಲವೂ ಅವಳ ಮಗಳು ನಾಲ್ಕೂ ಮಾತು ಒಪ್ಪಿಸುತ್ತಿದ್ದಳು. "ನನಗೆ ಅಮ್ಮ ಅಂದರೆ ಇಷ್ಟ" ಎಂಬಲ್ಲಿಗೆ ಎಲ್ಲರೂ ಹೋ ಎನ್ನುತ್ತಿದ್ದರು. ಒಂದು ಸ್ಕೇಲೂ ಮೈಗೆ ತಾಗಲಿಲ್ಲ. ತಾಗಬೇಕಾದ ಅಗತ್ಯವೂ ಇರಲಿಲ್ಲ.

ವರ್ಷ ಮುಗಿದಾಗ ಟೀಸಿ ಕೈಗೆ ಬಂತು.

ಶಾಲೆಯಿಲ್ಲದ ಮೊದಲ ಬೆಳಿಗ್ಗೆ ವನಜ ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡಳು. ಎಷ್ಟೋ ತಿಂಗಳಿಂದ ಸುಮ್ಮನೆ ಬಾಚಿ ಜಡೆ ಹಾಕಿ ಕಳಿಸಿದ್ದಳು. ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವಳು ಮಗಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಬೈಂದೂರ್..." ಎಂದಳು.

ಮಗು ಹೆಗಲು ಕುಗ್ಗಿಸಿತು.

"ಹೇಳ್ ಮಗಾ, ಹೊಡೂದಿಲ್ಲೆ. ಬೈಂದೂರ್, ಉಪ್ಪುಂದ..." ಎನ್ನುತ್ತ ಸಿಕ್ಕು ಬಿಡಿಸಲು ಬಾಚಣಿಗೆ ಎತ್ತಿದಳು.

ಮೋಕ್ಷಿತಾ ಸರಕ್ಕನೆ ತಿರುಗಿದಳು. ಗದ್ದ ಎತ್ತಿ, ತಾಯಿಯ ಹುಬ್ಬುಗಳ ನಡುವೆ ಕಣ್ಣು ನೆಟ್ಟು, ಕೈ ಮುಗಿದಳು.

"ನಮಸ್ಕಾರ. ನನ್ನ ಹೆಸರು ಮೋಕ್ಷಿತಾ. ನಾನು ಮೂರನೇ ಕ್ಲಾಸು. ನನಗೆ ಅಮ್ಮ ಅಂದರೆ ಇಷ್ಟ."

ಒಳಗಿನಿಂದ ಅಮ್ಮಣಿ ಕೂಗಿದಳು: "ಕಾಣ್, ಎಷ್ಟ್ ಚೆಂದ ಮಾತಾಡತ್ತ್!"