ಉರು ಹೊಡೆದ ಉತ್ತರಗಳು

ಅಂಗಿಗೆ ಕಾಜಾ ಹಾಕುವುದು ಅವಳ ಕೆಲಸ. ಹೊಲಿಗೆ ಅಂಗಡಿಯಲ್ಲಿ ದಿನವೆಲ್ಲ ಗುಂಡಿ ತೂರುವ ಕಣ್ಣುಗಳಿಗೆ ನೂಲು ಸುತ್ತುವವಳನ್ನು ಎಲ್ಲರೂ ಕಾಜಮ್ಮ ಎಂದೇ ಕರೆಯುತ್ತಾರೆ. ನಾನು ಅದೇ ಅಂಗಡಿಯಲ್ಲಿ ಅಂಚು ಮಡಿಸಿ ಹೊಲಿಯುವ ಮುದುಕಿ, ಅವಳ ಪಕ್ಕದ ಮನೆಯವಳು. ಅವಳ ಕೈ ನಡುಗಿದ್ದನ್ನು ಅಂಗಡಿಯವರು ಒಂದು ದಿನವೂ ಕಂಡಿಲ್ಲ. ನಾನು ಕಂಡಿದ್ದೇನೆ.

ಅವಳ ಅಕ್ಕ ಶಾಲೆಯಲ್ಲಿ ಟೀಚರ್. ಮೂರು ಸಲ ಗರ್ಭ ನಿಂತು ಮೂರು ಸಲವೂ ಇಳಿದುಹೋಗಿತ್ತು. ಕೊನೆಯ ಸಲ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆದುಹಾಕಿದರು. ಅಕ್ಕ ಭಾವನ ಮಗುವನ್ನು ತನ್ನ ಹೊಟ್ಟೆಯಲ್ಲಿ ಹೊತ್ತು ಕೊಡುತ್ತೇನೆಂದು ಕಾಜಮ್ಮ ತಾನಾಗಿಯೇ ಹೇಳಿದಳು. ಜನ ಇದಕ್ಕೆ ಬಾಡಿಗೆ ತಾಯಿ ಅನ್ನುತ್ತಾರೆ. ಇಲ್ಲಿ ಬಾಡಿಗೆಯ ಮಾತೇ ಇರಲಿಲ್ಲ, ಅಕ್ಕನ ಮೇಲಿನ ಕರುಳು, ಅಷ್ಟೇ. ಆದರೆ ಆಸ್ಪತ್ರೆಯವರು ಕರುಳು ನೋಡಿ ಒಪ್ಪುವುದಿಲ್ಲ. ಮೊದಲು ಮೈ ಪರೀಕ್ಷೆ, ಆಮೇಲೆ ಮನಸ್ಸಿನ ಪರೀಕ್ಷೆ.

ಪರೀಕ್ಷೆ ಎಂದರೆ ಟೀಚರಮ್ಮನಿಗೆ ಗೊತ್ತಿದ್ದದ್ದು ಒಂದೇ ದಾರಿ. ಅಲ್ಲಿ ಏನೇನು ಕೇಳುತ್ತಾರೆಂದು ಹೋಗಿ ಬಂದವರನ್ನು ವಿಚಾರಿಸಿ, ಇಪ್ಪತ್ತಮೂರು ಪ್ರಶ್ನೆ ಬರೆದು, ಕೆಳಗೆ ಉತ್ತರವನ್ನೂ ಬರೆದು, ತಂಗಿಗೂ ತಂಗಿಯ ಗಂಡನಿಗೂ ಕೊಟ್ಟಳು. ಅವನು ಲಾರಿ ಡ್ರೈವರ್. ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಕೇಳುತ್ತಾರಂತೆ, ಮಾತು ತಾಳೆಯಾಗಬೇಕಂತೆ. ಹಾಗಾಗಿ ನಾಲ್ಕು ಸಂಜೆ ಕಂಠಪಾಠ ನಡೆಯಿತು, ನಾನೂ ಅಲ್ಲೇ ಕೂತಿರುತ್ತಿದ್ದೆ.

"ಹನ್ನೆರಡನೇದು ಹೇಳಪ್ಪ."

"ಹೆರಿಗೆಯ ನಂತರ ನನ್ನ ಪತ್ನಿಯು ಆರೋಗ್ಯವಾಗಿಯೂ ಉಲ್ಲಾಸದಿಂದಲೂ ಇದ್ದಳು, ಅತ್ತಿಗೆ."

"ಕೊನೇಲಿ ಅತ್ತಿಗೆ ಬೇಡ. ಪುಟ್ಟಿ, ನೀನು?"

"ಹೆರಿಗೆಯ ನಂತರ ನಾನು ಆರೋಗ್ಯವಾಗಿಯೂ..." ಕಾಜಮ್ಮ ಅಲ್ಲಿಗೆ ನಿಂತಳು. ನನ್ನ ಕಡೆ ನೋಡಿದಳು.

"ಉಲ್ಲಾಸ ಕಣೇ! ಇದೊಂದು ಮಾತಿಗೆ ಫೇಲಾಗ್ತೀಯಾ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಐದು ವರ್ಷದ ಹಿಂದೆ ಅವಳ ಮಗುವಿಗೆ ಇಪ್ಪತ್ತು ದಿನ ತುಂಬಿತ್ತು. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಮಧ್ಯಾಹ್ನ ನನ್ನ ಬಾಗಿಲು ಬಡಿದು, ಕೂಸನ್ನು ನನ್ನ ಮಡಿಲಿಗೆ ಹಾಕಿದಳು. "ಅಜ್ಜಿ, ಇದನ್ನ ಇಟ್ಕೊಳ್ಳಿ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ" ಅಂದಳು. ಮಗು ಎರಡು ತಿಂಗಳು ನನ್ನ ಪಕ್ಕದಲ್ಲೇ ಮಲಗಿತು. ಹಾಲು ಕೊಡಲು ಬಂದಾಗಲೂ ಅವಳು ನನ್ನನ್ನು ಎದ್ದು ಹೋಗಲು ಬಿಡುತ್ತಿರಲಿಲ್ಲ. ಗಂಡ ಬಂದ ದಿನ ಮಾತ್ರ ಹೇಗೋ ತಲೆ ಬಾಚಿ, ಮೈ ಸರಿಯಿಲ್ಲ ಅಂದು ದಿನ ದೂಡುತ್ತಿದ್ದಳು. ಯಾರಿಗೂ ಹೇಳಬೇಡಿ ಎಂದು ಕಾಲು ಹಿಡಿದಳು. ನಾನು ಹೇಳಲಿಲ್ಲ. ಬಂದದ್ದು ಹೇಗೆ ಬಂತೋ ಹಾಗೇ ಹೋಯಿತು.

ಪರೀಕ್ಷೆಯ ದಿನ ಕಾಜಮ್ಮ ಅಕ್ಕ, ಗಂಡನ ಜೊತೆಗೆ ನನ್ನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎತ್ತರ, ತೂಕ, ಬಿಪಿ. ಖಾಲಿ ಹೊಟ್ಟೆಯಲ್ಲಿ ನಾಲ್ಕು ಪುಟ್ಟ ಸೀಸೆ ರಕ್ತ. ಎಷ್ಟು ಹೆರಿಗೆ, ಆಪರೇಷನ್ ಆಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಬೀಡಿ ಸೇದುತ್ತಾರೆಯೇ ಎಂದೆಲ್ಲ ಕೇಳಿ ಬರೆದುಕೊಂಡರು. ಸ್ಕ್ಯಾನಿಂಗಿಗೆ ನೀರು ಕುಡಿದು ತಡೆದುಕೊಂಡಿರಬೇಕಂತೆ.

"ಇನ್ನೆರಡು ಲೋಟ ಕುಡೀರಿ," ಅಂದಳು ನರ್ಸಮ್ಮ.

"ಇನ್ನು ಕುಡಿದ್ರೆ ಇಲ್ಲೇ ಕೆರೆಯಾಗುತ್ತೆ ಸಿಸ್ಟರ್."

ನರ್ಸಮ್ಮ ನಕ್ಕು ಹೋದಳು. ಕಾಜಮ್ಮನ ನಗು ಅಲ್ಲಿಗೇ ಆರಿತು. ಬೆಂಚಿನ ಮೇಲೆ ನನಗೆ ಆತುಕೊಂಡು ಪಿಸುಗುಟ್ಟಿದಳು: "ಮೈಯಲ್ಲಿ ಏನು ಸಿಕ್ಕಿದ್ರೂ ಸಿಗಲಿ, ಅಜ್ಜಿ. ಮನಸ್ಸಿನ ಪರೀಕ್ಷೆ ಮಾಡೋ ಮೇಡಂ ಕೇಳಿದ್ರೆ ಏನ್ ಹೇಳ್ಲಿ? ಹೇಳಿದ್ರೆ ಅಕ್ಕನ ಆಸೆ ಅಲ್ಲಿಗೆ ಮುಗೀತು. ಹೇಳದೆ ಹೋಗಿ, ಅದು ಮತ್ತೆ ಬಂದ್ರೆ?"

 

ಆಪ್ತ ಸಲಹೆ ಎಂದು ಬರೆದ ಕೋಣೆಗೆ ಮೊದಲು ಗಂಡನನ್ನು ಕರೆದರು. ಕಾಲು ಗಂಟೆಗೆ ಗೆದ್ದವನ ಹಾಗೆ ಹೊರಗೆ ಬಂದು, "ಒಂದೂ ತಪ್ಪಿಲ್ಲ ಅತ್ತಿಗೆ!" ಎಂದು ತಿಂಡಿ ತರಲು ಕೆಳಗೆ ಹೋದ. ಆಮೇಲೆ ಅವಳು ಹೋದಳು. ಬಾಗಿಲು ಮುಚ್ಚಿತು. ಟೀಚರಮ್ಮ ಕೈಯಲ್ಲಿದ್ದ ಹಾಳೆಯನ್ನು ಸುರುಳಿ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ತುಂಬಾ ಹೊತ್ತಾದ ಮೇಲೆ ಬಾಗಿಲು ಅರ್ಧ ತೆರೆಯಿತು.

"ಅಜ್ಜಿ ಅಂದ್ರೆ ಯಾರು? ಒಳಗೆ ಬನ್ನಿ."

 ಒಳಗೆ ಕಾಜಮ್ಮ ಅಳುತ್ತಿದ್ದಳು.

"ಇವರ ಗಂಡ ಹೇಳಿದ್ದನ್ನೇ ಇವರೂ ಹೇಳಿದ್ರು, ಒಂದಕ್ಷರ ಆಚೀಚೆ ಇಲ್ಲ," ಅಂದರು ಆ ಮೇಡಂ. "ಲಾರಿ ಓಡಿಸೋರು ಮನೇಲಿ 'ನನ್ನ ಪತ್ನಿಯು' ಅಂತಾರಾ ಅಜ್ಜಿ? ಯಾರೋ ಬರೆದುಕೊಟ್ಟಿದ್ದಾರೆ ಅಂತ ಗೊತ್ತಾಯ್ತು. ಬರೆದಿದ್ದು ಬಿಟ್ಟು ನಿಮ್ಮ ಮಾತಲ್ಲಿ ಹೇಳಿ ಅಂದೆ. ಅಜ್ಜಿ ಬರಲಿ ಅಂದ್ರು."

ಕಾಜಮ್ಮ ಕಣ್ಣೊರೆಸಿಕೊಂಡಳು. "ನಾನೇ ಹೇಳ್ತೀನಿ ಅಜ್ಜಿ. ತಪ್ಪಿದ್ರೆ ತಿದ್ದಿ." ಎಲ್ಲವನ್ನೂ ಹೇಳಿದಳು. ನನಗೂ ಹೇಳದಿದ್ದ ಒಂದನ್ನು ಸೇರಿಸಿದಳು. ಆ ಮಧ್ಯಾಹ್ನ ನನ್ನ ಬಾಗಿಲು ಬಡಿಯುವ ಮೊದಲು ಅವಳು ಮಗುವಿನ ಮುಖದ ಹತ್ತಿರ ದಿಂಬು ಹಿಡಿದು ನಿಂತಿದ್ದಳಂತೆ. ತಿದ್ದಲು ನನ್ನಲ್ಲಿ ಏನಿತ್ತು? ಬರೀ ತಲೆಯಾಡಿಸಿದೆ.

"ಇದು ತಪ್ಪಲ್ಲಮ್ಮ, ಕಾಯಿಲೆ," ಅಂದರು ಮೇಡಂ. "ಬಾಣಂತಿಯರಿಗೆ ಬರುತ್ತೆ, ಔಷಧಿ ಇದೆ. ಒಮ್ಮೆ ಇಷ್ಟು ಜೋರಾಗಿ ಬಂದಿದ್ದು ಮತ್ತೆ ಬರಬಹುದು. ಗೊತ್ತಿದ್ದೂ ನಾನು ಸಹಿ ಹಾಕಲ್ಲ." ಆಮೇಲೆ ದನಿ ತಗ್ಗಿಸಿದರು. "ನಿಮ್ಮಕ್ಕಂಗೆ ಕಾರಣ ಹೇಳ್ಲೇಬೇಕು ಅಂತಿಲ್ಲ. ಹೊಂದಲಿಲ್ಲ ಅಂತಷ್ಟೇ ನಾವು ಹೇಳ್ತೀವಿ. ಈ ಮಾತು ಈ ಕೋಣೆ ದಾಟಲ್ಲ."

ಸದ್ಯ, ಬದುಕಿದೆ ಮಗಳೇ, ಅಂದುಕೊಂಡೆ. ಆದರೆ ಹೊರಗೆ ಕಾಲಿಟ್ಟ ಕೂಡಲೇ ಟೀಚರಮ್ಮ ಎದ್ದು ಬಂದಳು.

"ಏನಂದ್ರು? ರಕ್ತ ಕಮ್ಮಿನಾ? ಮಾತ್ರೆ ತಗೊಂಡ್ರೆ ಸರಿಹೋಗುತ್ತೆ ಬಿಡು. ನಾನು ಕಾಯ್ತೀನಿ ಪುಟ್ಟಿ, ಆರು ತಿಂಗಳಾದ್ರೂ ಕಾಯ್ತೀನಿ."

ಕಾಜಮ್ಮ ಅಕ್ಕನನ್ನೇ ನೋಡುತ್ತಾ ನಿಂತಳು. ಸುಳ್ಳು ಹೇಳಿದರೆ ಅಕ್ಕ ಇನ್ನಾರು ತಿಂಗಳು ದಾರಿ ಕಾಯುತ್ತಾಳೆ. ಅದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು.

"ರಕ್ತ ಅಲ್ಲ ಅಕ್ಕ. ಕಾಯಬೇಡ." ಗೋಡೆಗೆ ಬೆನ್ನು ಕೊಟ್ಟು, ದಿಂಬಿನ ವಿಷಯವನ್ನೂ ಬಿಡದೆ ಹೇಳಿದಳು.

ಟೀಚರಮ್ಮ ಬೆಂಚಿನ ಮೇಲೆ ಕುಸಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಅಡ್ಡ ನಿಂತೆ. ಅವಳು ಬೇರೆಯೇ ಮಾತು ಆಡಿದಳು.

"ಆಗ ನಾನು ಬಂದಾಗೆಲ್ಲ ಮಗು ಮಲಗಿದೆ ಅಂತ ನೀನು ಬಾಗಿಲಲ್ಲೇ ವಾಪಸ್ ಕಳಿಸ್ತಿದ್ದೆ. ಮಕ್ಕಳಿಲ್ಲದೋಳ ಕಣ್ಣು ಬೀಳುತ್ತೆ ಅಂತ ಹಾಗೆ ಮಾಡ್ತೀಯ ಅಂದ್ಕೊಂಡಿದ್ದೆ ನಾನು. ಐದು ವರ್ಷ, ಪುಟ್ಟಿ. ಐದು ವರ್ಷ ನಿನ್ನ ಮೇಲೆ ಅದನ್ನೇ ಇಟ್ಕೊಂಡಿದ್ದೆ."

ಇಬ್ಬರೂ ಅತ್ತರು. ಒಬ್ಬಳು ಬರಲಾರದ ಕೂಸಿಗೆ, ಇನ್ನೊಬ್ಬಳು ಯಾವುದಕ್ಕೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಅವಳ ಗಂಡ ಬಂದ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. "ಪಾಸಾ, ಫೇಲಾ?" ಎಂದು ನಗುತ್ತಿದ್ದವನು ಇವರನ್ನು ಕಂಡು ಅಲ್ಲೇ ನಿಂತ.

ಕಾಜಮ್ಮನ ಮುಖ ಬಿಳಿಚಿತು. ಅವನಿಗೆ ಏನೊಂದೂ ಗೊತ್ತಿಲ್ಲವಲ್ಲ. ಅವನ ಮಗು ಅದು.

ಟೀಚರಮ್ಮ ಮೂಗು ಒರೆಸಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೊಳ್ಳಪ್ಪ. ಅವಳು ಏನೋ ಹೇಳ್ಬೇಕು. ನಡುವೆ ಬಾಯಿ ಹಾಕ್ಬೇಡ, ಬರೀ ಕೇಳು."

ಅವನು ಕೂತ. ಕಾಜಮ್ಮ ಶುರು ಮಾಡಿದಳು. ಒಂದು ಮಾತು ಆಡುವಳು, ಅವನ ಮುಖ ನೋಡುವಳು, ಮುಂದಿನ ಮಾತಿಗೆ ಹೋಗುವಳು.